ಬೈಪೋಲಾರ್ ಕಾಯಿಲೆಯ ಏರಿಳಿತ: ಮೊದಲು ನಿದ್ರೆಯನ್ನು ಗಮನಿಸಿ

ಮನಸ್ಸಿನ ಆರೋಗ್ಯ ಕುರಿತ ಓದುಗರ ಪ್ರಶ್ನೆಗಳಿಗೆ ಮನೋವೈದ್ಯರು ಉತ್ತರಿಸುವ ಅಂಕಣವಿದು. ಈ ಸಂಚಿಕೆಗೆ ಬೈಪೋಲಾರ್ ಕಾಯಿಲೆಗೆ, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಉಬ್ಬಿ ಕೆಲವು ಕಾಲ ಅತಿಯಾಗಿ ಕುಗ್ಗುವ ಕಾಯಿಲೆಗೆ, ಸಂಬಂಧಿಸಿದ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಬರೆದವರ ಹೆಸರು ಮತ್ತು ವಿಳಾಸವನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಊರಿನಲ್ಲಿದ್ದುಕೊಂಡು ಅಪ್ಪನ ಅಡಿಕೆ ತೋಟವನ್ನೂ ಹೊಲವನ್ನೂ ನೋಡಿಕೊಳ್ಳುತ್ತಾನೆ. ಒಂದೊಂದು ರೂಪಾಯಿಗೂ ಲೆಕ್ಕ ಬರೆದಿಡುವ ಹುಡುಗ. ದೀಪಾವಳಿ ಕಳೆದ ಮೇಲೆ ತೀರಾ ಮಂಕಾದ. ಎರಡು ತಿಂಗಳು ತೋಟದ ಕಡೆ ಹೋಗಲಿಲ್ಲ, ಊಟ ಸೇರಲಿಲ್ಲ, ಹಗಲೆಲ್ಲ ಮುಸುಕು ಹಾಕಿಕೊಂಡು ಮಲಗಿರುತ್ತಿದ್ದ. ವೈದ್ಯರೊಬ್ಬರು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಕೆಲವು ವಾರಗಳಲ್ಲಿ ಎದ್ದು ಓಡಾಡತೊಡಗಿದಾಗ ಮನೆಯವರಿಗೆಲ್ಲ ಸಂತೋಷವಾಯಿತು. ಆದರೆ ಈಗ ಹತ್ತು ಹನ್ನೆರಡು ದಿನಗಳಿಂದ ರಾತ್ರಿ ಎರಡು ಮೂರು ಗಂಟೆ ಮಾತ್ರ ಮಲಗುತ್ತಾನೆ, ಆದರೂ ಸುಸ್ತು ಎಂಬುದಿಲ್ಲ. ಸಾಲ ಮಾಡಿ ಒಂದರ ಹಿಂದೊಂದು ಬೋರ್‌ವೆಲ್ ಕೊರೆಸಿದ್ದಾನೆ. ನೆಲದಡಿಯ ನೀರು ತನ್ನ ಕಣ್ಣಿಗೆ ಕಾಣುತ್ತದೆ ಎನ್ನುತ್ತಾನೆ. ನಡುರಾತ್ರಿ ನೆಂಟರಿಗೆಲ್ಲ ಫೋನ್ ಮಾಡುತ್ತಾನೆ, ತಡೆದರೆ ಅಪ್ಪನ ಮೇಲೇ ಕೈ ಎತ್ತುತ್ತಾನೆ. ತಡೆ ಒಡೆಸಬೇಕು ಎಂದು ಕೆಲವರು ಹೇಳಿದರೆ, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಇದು ಬೈಪೋಲಾರ್ ಕಾಯಿಲೆಯೇ?
– ಅಕ್ಕ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ಪತ್ರಿಕೆಯ ಮೂಲಕ ನಿಮಗೆ ತುರ್ತು ಸಲಹೆಯನ್ನು ತಿಳಿಸಿದ್ದಾಗಿದೆ. ಇಂಥದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗೂ ನೆರವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ರೋಗಿಯನ್ನು ನೋಡದೆ ಪತ್ರವೊಂದರಿಂದಲೇ ಕಾಯಿಲೆಯನ್ನು ನಿರ್ಧರಿಸಲಾಗುವುದಿಲ್ಲ. ಆದರೂ ನೀವು ಬರೆದಿರುವ ಕ್ರಮ, ಅಂದರೆ ಮೊದಲು ಎರಡು ತಿಂಗಳ ಖಿನ್ನತೆ, ನಂತರ ಚೇತರಿಕೆ, ಆ ಚೇತರಿಕೆ ತಮ್ಮನ ಸಹಜ ಸ್ಥಿತಿಗೆ ಬಂದು ನಿಲ್ಲದೆ ನಿದ್ರೆಯನ್ನೇ ಬೇಡದ ಹುರುಪಾಗಿ ಏರುತ್ತ ಹೋದದ್ದು, ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತವನ್ನು ಬಲವಾಗಿ ಸೂಚಿಸುತ್ತದೆ. ಖಿನ್ನತೆಯ ಮಾತ್ರೆಯನ್ನು ಈಗಲೂ ನುಂಗುತ್ತಿದ್ದರೆ, ಅದನ್ನು ಕೊಟ್ಟ ವೈದ್ಯರಿಗೆ ಇಂದೇ ವಿಷಯ ತಿಳಿಸಬೇಕು. ಬೈಪೋಲಾರ್ ಇರುವವರಿಗೆ ಖಿನ್ನತೆ ನಿವಾರಕ ಔಷಧಿಯನ್ನು ಮಾತ್ರ ಕೊಟ್ಟಾಗ ಕೆಲವರಲ್ಲಿ ಮನಸ್ಸು ಉನ್ಮಾದದ ಕಡೆಗೆ ತಿರುಗುವುದುಂಟು. ಆ ವೈದ್ಯರು ತಪ್ಪು ಮಾಡಿದರೆಂದು ಇದರ ಅರ್ಥವಲ್ಲ. ಬೈಪೋಲಾರ್ ಕಾಯಿಲೆ ಖಿನ್ನತೆಯ ರೂಪದಲ್ಲೇ ಮೊದಲು ಕಾಣಿಸಿಕೊಂಡಾಗ, ಅದನ್ನು ಸಾಮಾನ್ಯ ಖಿನ್ನತೆಯಿಂದ ಬೇರೆಯೆಂದು ಗುರುತಿಸುವುದು ಅನುಭವಿಗಳಿಗೂ ಕಷ್ಟ.

ಈ ಕಾಯಿಲೆ ಹಂತಗಳಲ್ಲಿ ಬರುತ್ತದೆ. ಮನಸ್ಸು ಅತಿಯಾಗಿ ಉಬ್ಬಿರುವ ಅಥವಾ ಅತಿಯಾಗಿ ಕೆರಳಿರುವ ಸ್ಥಿತಿ ಕನಿಷ್ಠ ಒಂದು ವಾರ ದಿನದ ಬಹುಪಾಲು ಹೊತ್ತು ಉಳಿದರೆ ಅದನ್ನು ಉನ್ಮಾದ ಎನ್ನುತ್ತೇವೆ. ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ತೀವ್ರವಾಗಿದ್ದರೆ ಒಂದು ವಾರ ತುಂಬುವವರೆಗೂ ಕಾಯಬೇಕಾಗಿಲ್ಲ. ಇದೇ ಬಗೆಯ ಬದಲಾವಣೆ ಸೌಮ್ಯ ರೂಪದಲ್ಲಿದ್ದು, ಸಂಸಾರ ಮತ್ತು ಕೆಲಸವನ್ನು ಕೆಡಿಸದೆ ನಾಲ್ಕು ದಿನವಾದರೂ ಇದ್ದರೆ ಅದು ಲಘು ಉನ್ಮಾದ. ಖಿನ್ನತೆ ಎನ್ನಲು ಎರಡು ವಾರವಾದರೂ ಬೇಕು. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನುಷ್ಯ ಎಲ್ಲರಂತೆ ಚೆನ್ನಾಗಿಯೇ ಇರಬಹುದು, ಮನೆಯವರು ಹಳೆಯದನ್ನು ಮರೆತುಬಿಡಲು ಇದೇ ಕಾರಣ.

ಬೋರ್‌ವೆಲ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮಳೆ ಕೈಕೊಟ್ಟು ತೋಟ ಒಣಗುವಾಗ ನಿಮ್ಮ ಭಾಗದಲ್ಲಿ ಸಾಲ ಮಾಡಿ ಬೋರ್ ಕೊರೆಸದ ರೈತರು ಕಡಿಮೆ. ಒಂದರಲ್ಲಿ ನೀರು ಬೀಳದಿದ್ದರೆ ಇನ್ನೊಂದು ಕೊರೆಸುವುದೂ ಹೊಸದೇನಲ್ಲ. ಅದು ಬದುಕಿನ ಒತ್ತಡ, ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಆದ್ದರಿಂದ ಕೊರೆಸಿದ್ದನ್ನಷ್ಟೇ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕೊರೆಸಿದ ಬಗೆಯನ್ನು ನೋಡಬೇಕು. ರೂಪಾಯಿ ರೂಪಾಯಿಗೆ ಲೆಕ್ಕ ಇಡುತ್ತಿದ್ದವನು ಬಡ್ಡಿಯ ದರವನ್ನೂ ಕೇಳದೆ ಸಾಲಪತ್ರಕ್ಕೆ ಸಹಿ ಹಾಕಿದನೇ? ಜಾಗ ನೋಡುವವರನ್ನು ಕರೆಸಿ, ಅಪ್ಪನೊಡನೆ ಕೂತು ಮಾತನಾಡಿ ತೀರ್ಮಾನಿಸುತ್ತಿದ್ದವನು ಈ ಸಲ ಯಾರ ಮಾತಿಗೂ ಕಾಯಲಿಲ್ಲವೇ? ಮೊದಲನೆಯದು ಒಣಗಿದ್ದು ಅವನನ್ನು ಕುಗ್ಗಿಸುವ ಬದಲು ಇನ್ನಷ್ಟು ಉತ್ಸಾಹಗೊಳಿಸಿತೇ? ಒಬ್ಬ ವ್ಯಕ್ತಿಯ ನಡವಳಿಕೆಯನ್ನು ಪಕ್ಕದ ಮನೆಯವರ ಜೊತೆ ಹೋಲಿಸದೆ ಅದೇ ವ್ಯಕ್ತಿಯ ಹಿಂದಿನ ರೀತಿಯ ಜೊತೆ ಹೋಲಿಸಿದಾಗಲೇ ಈ ಕಾಯಿಲೆ ಕಣ್ಣಿಗೆ ಬೀಳುತ್ತದೆ. ಈ ಹೋಲಿಕೆಯನ್ನು ಮಾಡಬಲ್ಲವರು ಮನೆಯವರೇ ಹೊರತು, ಹತ್ತು ನಿಮಿಷ ನೋಡುವ ವೈದ್ಯರಲ್ಲ. ನೆಲದಡಿಯ ನೀರು ತನಗೆ ಕಾಣುತ್ತದೆ ಎಂಬ ನಂಬಿಕೆಯನ್ನು ಅಲುಗಿಸಲು ಯಾರಿಂದಲೂ ಆಗದಿದ್ದರೆ ಉನ್ಮಾದ ತೀವ್ರವಾಗಿದೆ ಎಂದೇ ತಿಳಿಯಬೇಕು.

ಲಕ್ಷಣಗಳಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು ಎಂದಾದರೆ ನಾನು ನಿದ್ರೆಯನ್ನು ಹೇಳುತ್ತೇನೆ. ಚಿಂತೆಯಿಂದ ನಿದ್ರೆ ಬಾರದವರು ಹಾಸಿಗೆಯಲ್ಲಿ ಹೊರಳಾಡಿ, ಮರುದಿನ ಕಣ್ಣುರಿ ತಲೆನೋವಿನಿಂದ ಬಳಲುತ್ತಾರೆ. ಉನ್ಮಾದದಲ್ಲಿರುವವರಿಗೆ ನಿದ್ರೆ ಬೇಕು ಎಂದೇ ಅನ್ನಿಸುವುದಿಲ್ಲ. ಎರಡು ಮೂರು ಗಂಟೆ ಮಲಗಿದರೂ ಬೆಳಗಿನ ಜಾವಕ್ಕೇ ಎದ್ದು ಎಲ್ಲರಿಗಿಂತ ಚುರುಕಾಗಿ ಓಡಾಡುತ್ತಾರೆ. ನಿದ್ರೆ ಹೀಗೆ ಕಡಿಮೆಯಾಗುವುದು ಕಾಯಿಲೆಯ ಲಕ್ಷಣವೂ ಹೌದು, ಅದನ್ನು ಇನ್ನಷ್ಟು ಏರಿಸುವ ಕಾರಣವೂ ಹೌದು. ಹೆಚ್ಚಿನವರಲ್ಲಿ ದುಂದುವೆಚ್ಚ ಮತ್ತು ಜಗಳ ಶುರುವಾಗುವ ಮೊದಲೇ ನಿದ್ರೆ ಇಳಿದಿರುತ್ತದೆ. ಅದರ ಜೊತೆಗೆ ಮಾತು ವೇಗವಾಗುತ್ತದೆ, ನಡುವೆ ಬಾಯಿ ಹಾಕಲೂ ಬಿಡುವುದಿಲ್ಲ, ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತದೆ. ಕೆಲವರಲ್ಲಿ ವಾಹನವನ್ನು ಅತಿ ವೇಗವಾಗಿ ಓಡಿಸುವುದು, ಮೊದಲಿಲ್ಲದ ಕುಡಿತ, ಲೈಂಗಿಕ ವಿಷಯದಲ್ಲಿ ಸಂಕೋಚ ಕಳೆದುಕೊಳ್ಳುವುದು ಕಾಣುತ್ತದೆ. ಉನ್ಮಾದ ಎಂದರೆ ಸದಾ ನಗು ಎಂದು ತಿಳಿಯಬೇಡಿ. ತಡೆದಾಗ ಸಿಡಿದೇಳುವ ಕೋಪವೇ ಎಷ್ಟೋ ಮನೆಗಳಲ್ಲಿ ಮೊದಲು ಕಾಣುತ್ತದೆ, ಆಗ ಅದನ್ನು ಸೊಕ್ಕು ಎಂದು ತಿಳಿದು ಮನೆಯವರು ಹೊಡೆಯುವುದೂ ಉಂಟು. ಅಪ್ಪನ ಮೇಲೆ ಕೈ ಎತ್ತಿದ್ದನ್ನು ನಿಮ್ಮ ತಂದೆಯವರು ಮನಸ್ಸಿಗೆ ಹಚ್ಚಿಕೊಳ್ಳದಿರಲಿ ಎಂದು ಬೇಡುತ್ತೇನೆ.

ಇಷ್ಟು ಸ್ಪಷ್ಟವಾದ ಕಾಯಿಲೆ ವರ್ಷಗಟ್ಟಲೆ ಹೇಗೆ ಕಣ್ಣು ತಪ್ಪಿಸುತ್ತದೆ ಎಂದರೆ, ಮನಸ್ಸು ಕುಗ್ಗಿದಾಗ ಮಾತ್ರ ಜನ ವೈದ್ಯರ ಬಳಿ ಬರುತ್ತಾರೆ. ಉಬ್ಬಿದ ದಿನಗಳು ರೋಗಿಗೆ ತನ್ನ ಬದುಕಿನ ಅತ್ಯುತ್ತಮ ದಿನಗಳಂತೆ ತೋರುತ್ತವೆ, ಮನೆಯವರಿಗೆ ಗುಣವಾದಂತೆ ತೋರುತ್ತದೆ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಖಿನ್ನತೆ ಎಂದು ವೈದ್ಯರಲ್ಲಿಗೆ ಹೋದಾಗ, ಹಿಂದೆ ಎಂದಾದರೂ ಕೆಲವು ದಿನ ನಿದ್ರೆಯಿಲ್ಲದೆ ಅತಿಯಾದ ಹುರುಪಿನಲ್ಲಿದ್ದದ್ದುಂಟೇ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ. ನಿಮ್ಮ ತಮ್ಮನ ವಿಷಯದಲ್ಲಿ ಕಾಲೇಜಿನ ದಿನಗಳನ್ನು ನೆನೆದು ನೋಡಿ. ಈ ಕಾಯಿಲೆ ಬಹುತೇಕ ಹದಿಹರೆಯದ ಕೊನೆಗೋ ಇಪ್ಪತ್ತರ ವಯಸ್ಸಿನಲ್ಲೋ ಶುರುವಾಗುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇಂಥ ಕಾಯಿಲೆ, ಆತ್ಮಹತ್ಯೆ, ಮನೆ ಬಿಟ್ಟು ಹೋದದ್ದು ಇದ್ದರೆ ಅದನ್ನೂ ಮುಚ್ಚಿಡಬೇಡಿ. ತಂದೆ ತಾಯಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದರೆ ಅದು ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಆದರೂ ಅಂಥ ಮನೆಗಳಲ್ಲೂ ಬಹುಪಾಲು ಜನರಿಗೆ ಅದು ಬರುವುದಿಲ್ಲ. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 200 ಜನಕ್ಕೆ ಒಬ್ಬರಿಗೆ ಜೀವನದಲ್ಲಿ ಎಂದಾದರೂ ಈ ಕಾಯಿಲೆ ಬಂದಿರುತ್ತದೆ, ಅವರಲ್ಲಿ ನೂರಕ್ಕೆ ಸುಮಾರು 70 ಮಂದಿ ಚಿಕಿತ್ಸೆಯಿಂದ ಹೊರಗೆ ಉಳಿದಿದ್ದಾರೆ. ಹಾಗಿರುವಾಗ ನಿಮ್ಮ ಮನೆಯೊಂದಕ್ಕೇ ಬಂದ ಕಳಂಕವೆಂದು ಇದನ್ನು ಬಚ್ಚಿಡಬೇಕಾಗಿಲ್ಲ.

ಈಗ ಮಾಡಬೇಕಾದದ್ದು. ನಿನಗೆ ಹುಚ್ಚು ಹಿಡಿದಿದೆ ಎಂದೋ, ನೀರು ಕಾಣುವುದೆಲ್ಲ ಸುಳ್ಳು ಎಂದೋ ವಾದಕ್ಕಿಳಿಯಬೇಡಿ. ಮೂರು ಗಂಟೆ ಮಲಗಿದರೆ ದೇಹ ಕೆಡುತ್ತದೆ, ನಿದ್ರೆಗೆ ಏನಾದರೂ ಕೇಳೋಣ ಬಾ ಎಂದರೆ ಹೆಚ್ಚಿನವರು ಬರುತ್ತಾರೆ. ಅವನು ಯಾರ ಮಾತು ಕೇಳುತ್ತಾನೋ ಅವರಿಂದಲೇ, ಅದು ಸೋದರಮಾವನಾಗಲಿ ಗೆಳೆಯನಾಗಲಿ, ಹೇಳಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಚಿಕಿತ್ಸಾಲಯ ನಡೆಸುವ ವ್ಯವಸ್ಥೆಯಿದ್ದು, ನಿಮ್ಮ ತಾಲ್ಲೂಕಿನ ದಿನವನ್ನು ವಿಚಾರಿಸಿ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬರಲು ಒಪ್ಪದೆ, ತನಗೋ ಇತರರಿಗೋ ಅಪಾಯವಾಗುವ ಮಟ್ಟಕ್ಕೆ ಹೋದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವೈದ್ಯರ ಪರೀಕ್ಷೆಯ ನಂತರ ಕುಟುಂಬದ ಪ್ರತಿನಿಧಿಯ ಕೋರಿಕೆಯ ಮೇಲೆ ದಾಖಲು ಮಾಡಿಕೊಳ್ಳಲು ಅವಕಾಶವಿದೆ. ಕಟ್ಟಿಹಾಕುವುದು, ಕೋಣೆಯಲ್ಲಿ ಕೂಡಿಹಾಕುವುದು ಖಂಡಿತ ಬೇಡ. ಪಾಸ್‌ಬುಕ್, ಪಹಣಿ, ಬೈಕಿನ ಕೀ ಸದ್ಯಕ್ಕೆ ಬೇರೆಯವರ ಬಳಿ ಇರಲಿ. ತೋಟಕ್ಕೆ ತಂದ ಕೀಟನಾಶಕಗಳನ್ನು ಮನೆಯಿಂದ ಹೊರಗೆ, ಬೀಗ ಹಾಕಿದ ಜಾಗದಲ್ಲಿ, ನಂಬಿಕೆಯ ನೆರೆಯವರ ಬಳಿ ಇರಿಸಿ. ಉನ್ಮಾದ ಇಳಿದ ಮೇಲೆ ಸಾಲದ ಲೆಕ್ಕ ಕಣ್ಣೆದುರು ಬಂದಾಗ ಮನಸ್ಸು ಪಾತಾಳಕ್ಕೆ ಕುಸಿಯುವುದುಂಟು, ಆ ವಾರಗಳಲ್ಲಿ ಅವನೊಬ್ಬನನ್ನೇ ಬಿಡಬಾರದು. ಸಾಯುವ ಮಾತು ಆಡಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ದೇವಸ್ಥಾನಕ್ಕೆ ಹೋಗುವುದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಹೋಗಿ ಬನ್ನಿ, ಆದರೆ ಆಸ್ಪತ್ರೆಗೆ ಹೋದ ಮೇಲೆ. ಮದುವೆಯ ಮಾತನ್ನು ಮಾತ್ರ ಈಗ ಎತ್ತಲೇಬೇಡಿ. ಮದುವೆ ಯಾವ ಕಾಯಿಲೆಗೂ ಔಷಧಿಯಲ್ಲ, ವಿಷಯ ಮುಚ್ಚಿಟ್ಟು ಒಂದು ಹೆಣ್ಣುಮಗಳನ್ನು ಮನೆಗೆ ತರುವುದು ಅನ್ಯಾಯ. ಚಿಕಿತ್ಸೆ ಪಡೆದು ಸ್ಥಿರವಾಗಿರುವವರು, ಎಲ್ಲವನ್ನೂ ಮೊದಲೇ ತಿಳಿಸಿ ಮದುವೆಯಾಗಿ ಚೆನ್ನಾಗಿ ಬಾಳುತ್ತಿದ್ದಾರೆ. ನಿಮ್ಮ ತಮ್ಮನಿಗೂ ಆ ದಾರಿ ತೆರೆದೇ ಇದೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ, 20 ವರ್ಷ. ಬೆಳಿಗ್ಗೆ ಖುಷಿಯಾಗಿರುತ್ತೇನೆ, ಮಧ್ಯಾಹ್ನ ಸಣ್ಣ ಮಾತಿಗೆ ಅಳುತ್ತೇನೆ, ಸಂಜೆ ಮತ್ತೆ ಸರಿಹೋಗುತ್ತೇನೆ. ಗೆಳತಿಯರು ನನ್ನನ್ನು ಬೈಪೋಲಾರ್ ಎಂದು ಕರೆಯುತ್ತಾರೆ. ಮೊಬೈಲ್‌ನಲ್ಲಿ ಸಿಕ್ಕ ಪ್ರಶ್ನಾವಳಿಯೂ ಹಾಗೆಯೇ ಹೇಳಿತು.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಗಂಟೆಗಂಟೆಗೆ ಬದಲಾಗುವ, ಏನಾದರೊಂದು ಮಾತಿಗೋ ಘಟನೆಗೋ ಪ್ರತಿಯಾಗಿ ಏಳುವ ಭಾವನೆಗಳು ಸಾಮಾನ್ಯವಾಗಿ ಬೈಪೋಲಾರ್ ಕಾಯಿಲೆಯಲ್ಲ. ಆ ಕಾಯಿಲೆಯಲ್ಲಿ ಹಂತಗಳ ಲೆಕ್ಕ ದಿನ ಮತ್ತು ವಾರಗಳಲ್ಲಿದೆ. ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಸಲ ಬಂದರೇ ಅದನ್ನು ವೇಗದ ಆವರ್ತನೆ ಎನ್ನುತ್ತೇವೆ ಎಂದರೆ ನಿಮಗೆ ಅಂದಾಜು ಸಿಗಬಹುದು. ಹಾಗೆಂದು ನಿಮ್ಮ ಕಷ್ಟ ಸುಳ್ಳಲ್ಲ. ಮುಟ್ಟಿನ ಮುಂಚಿನ ದಿನಗಳ ಏರುಪೇರು, ಥೈರಾಯ್ಡ್ ತೊಂದರೆ, ಆತಂಕ, ಪರೀಕ್ಷೆಯ ಒತ್ತಡ, ಪ್ರೀತಿಯ ಸಂಬಂಧದ ನೋವು, ಸಣ್ಣ ವಯಸ್ಸಿನಲ್ಲಿ ಆದ ದೌರ್ಜನ್ಯದ ನೆನಪು, ಇವುಗಳಲ್ಲಿ ಯಾವುದೂ ಹೀಗೆ ಕಾಣಿಸಬಹುದು. ಒಂದೆರಡು ತಿಂಗಳು ದಿನಕ್ಕೊಂದು ಸಾಲಿನಂತೆ ಮಲಗಿದ ಹೊತ್ತು, ಎದ್ದ ಹೊತ್ತು, ಮನಸ್ಸಿನ ಸ್ಥಿತಿ, ಮುಟ್ಟಿನ ದಿನ ಇಷ್ಟನ್ನು ಬರೆದಿಟ್ಟು ಕಾಲೇಜಿನ ಆಪ್ತಸಮಾಲೋಚಕರಿಗೋ ವೈದ್ಯರಿಗೋ ತೋರಿಸಿ. ಪ್ರಶ್ನಾವಳಿಯ ಫಲಿತಾಂಶಕ್ಕಿಂತ ಆ ಪುಟಗಳಿಂದ ಅವರಿಗೆ ಹೆಚ್ಚು ತಿಳಿಯುತ್ತದೆ. ಕೈ ಕುಯ್ದುಕೊಳ್ಳುವ ಅಥವಾ ಬದುಕು ಬೇಡ ಎನ್ನುವ ಯೋಚನೆ ಬರುತ್ತಿದ್ದರೆ ಆ ಎರಡು ತಿಂಗಳು ಕಾಯದೆ ಇಂದೇ ಯಾರಿಗಾದರೂ ಹೇಳಿ, 14416ಕ್ಕೆ ಕರೆ ಮಾಡಿ.

ಪ್ರಶ್ನೆ: ನನ್ನ ಹೆಂಡತಿಗೆ ಮೊದಲ ಹೆರಿಗೆಯಾದ ಐದನೇ ದಿನದಿಂದ ನಿದ್ರೆಯೇ ಹೋಯಿತು. ಇಡೀ ರಾತ್ರಿ ಮಾತನಾಡುತ್ತಿದ್ದಳು, ಮಗು ದೇವರ ಅಂಶ ಎನ್ನುತ್ತಿದ್ದಳು, ಮರುಗಳಿಗೆ ಅದನ್ನು ಯಾರೋ ಬದಲಾಯಿಸಿದ್ದಾರೆ ಎಂದು ಕಿರುಚುತ್ತಿದ್ದಳು. ಬಾಣಂತಿ ಸನ್ನಿ ಎಂದು ಹಿರಿಯರು ಹೇಳಿದರು. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಪೂರ್ತಿ ಗುಣವಾದಳು. ಈಗ ಮತ್ತೆ ಐದು ತಿಂಗಳ ಗರ್ಭಿಣಿ. ಮತ್ತೆ ಹಾಗಾಗುವುದೇ?
– ಪತಿ, ಬೆಳಗಾವಿ ಜಿಲ್ಲೆ

ಉತ್ತರ: ಮತ್ತೆ ಆಗುವ ಸಾಧ್ಯತೆ ಗಣನೀಯವಾಗಿದೆ. ಒಮ್ಮೆ ಹೀಗಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದಿನ ಹೆರಿಗೆಯಲ್ಲೂ ಮರುಕಳಿಸುತ್ತದೆ. ನೀವು ವರ್ಣಿಸಿದ ಸ್ಥಿತಿಗೂ ಬೈಪೋಲಾರ್ ಕಾಯಿಲೆಗೂ ಹತ್ತಿರದ ನಂಟಿದ್ದು, ಕೆಲವರಲ್ಲಿ ಕಾಯಿಲೆ ಮೊದಲು ತಲೆ ಎತ್ತುವುದೇ ಬಾಣಂತನದಲ್ಲಿ. ಐದನೇ ತಿಂಗಳಲ್ಲೇ ಕೇಳಿದ್ದೀರಿ, ಸಿದ್ಧತೆಗೆ ಸಾಕಷ್ಟು ಸಮಯವಿದೆ.

ಮೊದಲು ಹೆರಿಗೆ ವೈದ್ಯರಿಗೂ ಮನೋವೈದ್ಯರಿಗೂ ಹಿಂದಿನ ಕಾಗದಪತ್ರ ತೋರಿಸಿ, ಇಬ್ಬರೂ ಒಟ್ಟಾಗಿ ಯೋಜನೆ ಮಾಡುವಂತೆ ಕೇಳಿಕೊಳ್ಳಿ. ವಾಲ್‌ಪ್ರೊಯೇಟ್ ಎಂಬ ಔಷಧಿಯನ್ನು ಈಗ ತೆಗೆದುಕೊಳ್ಳುತ್ತಿದ್ದರೆ ಅದನ್ನು ಇಂದೇ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಗರ್ಭದಲ್ಲಿರುವ ಮಗುವಿನ ಬೆನ್ನುಹುರಿಗೂ ಮಿದುಳಿನ ಬೆಳವಣಿಗೆಗೂ ಅದರಿಂದ ಹಾನಿಯಾಗಬಹುದು. ಆದರೆ ಯಾವ ಔಷಧಿಯನ್ನೂ ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ.

ಹೆರಿಗೆಯ ನಂತರದ ಮೊದಲ ಎರಡು ವಾರ ಬಹಳ ಸೂಕ್ಷ್ಮ. ಬಾಣಂತನ ತವರಿನಲ್ಲಿ ಆಗುವುದಾದರೆ ಅತ್ತೆಯವರಿಗೂ ನಾದಿನಿ, ಅತ್ತಿಗೆಯರಿಗೂ ಎಲ್ಲವನ್ನೂ ಮೊದಲೇ ತಿಳಿಸಿ, ರಾತ್ರಿ ಮಗುವನ್ನು ನೋಡಿಕೊಳ್ಳುವ ಸರದಿ ಹಚ್ಚಿ. ತಾಯಿಗೆ ರಾತ್ರಿ ಐದಾರು ಗಂಟೆ ಒಂದೇ ಸಮನೆ ನಿದ್ರೆ ಸಿಗುವಂತೆ ಮಾಡುವುದು ಇಲ್ಲಿ ಔಷಧಿಯಷ್ಟೇ ಮುಖ್ಯ. ಮಗು ಮಲಗಿದ್ದಾಗಲೂ ಅವರಿಗೆ ನಿದ್ರೆ ಬಾರದಿದ್ದರೆ, ಮಾತು ಹೆಚ್ಚಿದರೆ, ಎಲ್ಲರ ಮೇಲೂ ಅನುಮಾನ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಮಕರಣ ಮುಗಿಯಲಿ ಎನ್ನಬಾರದು. ಆ ಸ್ಥಿತಿಯಲ್ಲಿ ತಾಯಿ ಮಗು ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಇದೆ. ಅದು ಯಾವ ಬಾಣಂತಿಗೂ ಒಳ್ಳೆಯದಲ್ಲ, ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧಿಯನ್ನು ತೆಗೆದುಕೊಳ್ಳುವವರಿಗಂತೂ ದೇಹದಲ್ಲಿ ನೀರು ಕಡಿಮೆಯಾದರೆ ಔಷಧಿಯೇ ವಿಷವಾಗಬಹುದು. ಎದೆಹಾಲಿನ ಪ್ರಶ್ನೆಯನ್ನೂ ಔಷಧಿಯನ್ನು ನೋಡಿಕೊಂಡು ಹೆರಿಗೆಗೆ ಮುಂಚೆಯೇ ತೀರ್ಮಾನಿಸಿ. ದಾಖಲಾಗಬೇಕಾದರೆ, ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಚಿಕಿತ್ಸೆ ಕೊಡುವ ತಾಯಿ–ಮಗು ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ನಿಮಗೆ ಹತ್ತಿರದಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಪ್ರಶ್ನೆ: ನನಗೆ 42 ವರ್ಷ, ಬ್ಯಾಂಕ್ ಉದ್ಯೋಗಿ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ. ನಾಲ್ಕು ವರ್ಷಗಳಿಂದ ಪೂರ್ತಿ ಆರೋಗ್ಯವಾಗಿದ್ದೇನೆ. ಕೈ ಸ್ವಲ್ಪ ನಡುಗುತ್ತದೆ. ಇನ್ನು ಮಾತ್ರೆ ನಿಲ್ಲಿಸಬಹುದೇ? ಮತ್ತೆ ಬರುವುದಾದರೆ ಅದು ನನಗೇ ಮೊದಲು ತಿಳಿಯುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ನಾಲ್ಕು ವರ್ಷ ಆರೋಗ್ಯವಾಗಿರುವುದು ಆ ಮಾತ್ರೆಯಿಂದಲೇ ಇರಬಹುದು ಎಂಬುದನ್ನು ದಯವಿಟ್ಟು ಯೋಚಿಸಿ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಅವರು ಉನ್ಮಾದಕ್ಕೆ ಇದರ ಉಪಯೋಗವನ್ನು ಪ್ರಕಟಿಸಿದರು. ಅಲ್ಲಿಂದ ಈಚೆಗೆ ಎಷ್ಟೋ ಹೊಸ ಔಷಧಿಗಳು ಬಂದಿದ್ದರೂ ಮರುಕಳಿಕೆಯನ್ನು ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವುದರಲ್ಲಿ ಲಿಥಿಯಂನ ಸ್ಥಾನ ಹಾಗೆಯೇ ಉಳಿದಿದೆ. ಏಕಾಏಕಿ ನಿಲ್ಲಿಸಿದವರಲ್ಲಿ ಕೆಲವೇ ವಾರಗಳಲ್ಲಿ ಉನ್ಮಾದ ಮರಳುವ ಅಪಾಯ ಹೆಚ್ಚು. ಬೆರಳುಗಳ ಸಣ್ಣ ನಡುಕ ಸಾಮಾನ್ಯ ಅಡ್ಡಪರಿಣಾಮ, ಪ್ರಮಾಣ ಹೊಂದಿಸಿ ಅದನ್ನು ಕಡಿಮೆ ಮಾಡಬಹುದು. ನಡುಕ ಜೋರಾಗಿ, ಅದರೊಡನೆ ವಾಂತಿ ಭೇದಿ, ತೊದಲು, ನಡಿಗೆಯಲ್ಲಿ ತೂರಾಟ ಕಂಡರೆ ಮಾತ್ರೆಯನ್ನು ಅಲ್ಲಿಗೇ ತಡೆದು ತುರ್ತಾಗಿ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಲಿಥಿಯಂ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ವೈದ್ಯರು ಹೇಳಿದಂತೆ ಮಾಡಿಸುತ್ತಿರಬೇಕು. ಬೆನ್ನುನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಈ ಮಟ್ಟವನ್ನು ಏರಿಸುತ್ತವೆ. ನೀರನ್ನೂ ಬಿಟ್ಟು ಮಾಡುವ ಉಪವಾಸ, ಊಟದಲ್ಲಿ ಉಪ್ಪನ್ನು ಥಟ್ಟನೆ ಬಿಡುವುದು, ಬೇಸಿಗೆಯ ಭೇದಿ ಇವುಗಳಿಂದಲೂ ಅದು ಏರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ಬಹಳ ಒಳ್ಳೆಯದು. ಕಾಯಿಲೆ ಪ್ರತಿಯೊಬ್ಬರಲ್ಲೂ ತನ್ನದೇ ಆದ ರೀತಿಯಲ್ಲಿ ಶುರುವಾಗುತ್ತದೆ, ಪ್ರತಿ ಸಲವೂ ಬಹುತೇಕ ಅದೇ ಕ್ರಮದಲ್ಲಿ ಮರಳುತ್ತದೆ. ಒಬ್ಬರು ಬೆಳಗಿನ ಜಾವ ಎದ್ದು ಕಪಾಟು ಜೋಡಿಸತೊಡಗುತ್ತಾರೆ, ಇನ್ನೊಬ್ಬರು ವರ್ಷಗಳಿಂದ ಮಾತಿಲ್ಲದ ಸಹಪಾಠಿಗಳಿಗೆಲ್ಲ ಸಂದೇಶ ಕಳಿಸತೊಡಗುತ್ತಾರೆ, ಮತ್ತೊಬ್ಬರಿಗೆ ಸಹೋದ್ಯೋಗಿಗಳೆಲ್ಲ ತೀರಾ ನಿಧಾನ ಎನ್ನಿಸತೊಡಗುತ್ತದೆ. ಕುಗ್ಗುವ ಹಂತಕ್ಕೂ ಇಂಥ ಮುನ್ಸೂಚನೆಗಳಿವೆ: ಸ್ನಾನ ಮುಂದೂಡುವುದು, ಫೋನ್ ಎತ್ತದಿರುವುದು, ಸರಳ ಲೆಕ್ಕವೂ ತಲೆಗೆ ಹತ್ತದಿರುವುದು. ಹಿಂದಿನ ಸಲ ಮೊದಲ ವಾರದಲ್ಲಿ ಏನಾಯಿತು ಎಂದು ಮನೆಯವರನ್ನು ಕೂರಿಸಿಕೊಂಡು ಬರೆದಿಡಿ. ನಿಮಗೆ ನೆನಪಿಲ್ಲದ್ದು ಅವರಿಗೆ ನೆನಪಿರುತ್ತದೆ. ಉನ್ಮಾದ ಏರಿದಾಗ ತನಗೆ ಏನೂ ಆಗಿಲ್ಲ ಎಂಬ ದೃಢ ಭಾವನೆಯೂ ಅದರೊಡನೆಯೇ ಬರುವುದರಿಂದ, ನಿಮ್ಮ ಮನಸ್ಸನ್ನು ಮಾತ್ರ ನೆಚ್ಚಿಕೊಳ್ಳುವುದು ಸಾಲದು. ಕಾರಣವಿಲ್ಲದೆ ಎರಡು ರಾತ್ರಿ ಸತತವಾಗಿ ಐದು ಗಂಟೆಗಿಂತ ಕಡಿಮೆ ಮಲಗಿದರೆ ವೈದ್ಯರಿಗೆ ಕರೆ ಮಾಡುವುದು ಎಂಬಂಥ ಒಂದು ನಿಯಮವನ್ನು, ಆರೋಗ್ಯವಾಗಿರುವ ಈಗಲೇ, ವೈದ್ಯರೊಡನೆ ಮಾತನಾಡಿ ಹಾಕಿಕೊಳ್ಳಿ. ಆಗ ನೀವು ಬೇಡವೆಂದರೂ ಕರೆ ಮಾಡುವ ಅಧಿಕಾರವನ್ನು ಪತ್ನಿಗೋ ಅಣ್ಣನಿಗೋ ಕೊಟ್ಟಿಡಿ.

2017ರ ಕಾಯ್ದೆ ನಿಮಗೆ ಇನ್ನೂ ಒಂದು ಹಕ್ಕನ್ನು ಕೊಟ್ಟಿದೆ. ಮುಂದೆ ಕಾಯಿಲೆ ಬಂದು ಸ್ವಂತ ತೀರ್ಮಾನ ಸಾಧ್ಯವಾಗದಿದ್ದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಿಮ್ಮ ಪರವಾಗಿ ಮಾತನಾಡುವ ಪ್ರತಿನಿಧಿ ಯಾರು ಎಂಬುದನ್ನು ಮುಂಗಡ ನಿರ್ದೇಶನವಾಗಿ ಬರೆದಿಡಬಹುದು. ಮುಂದಿನ ಭೇಟಿಯಲ್ಲಿ ರಕ್ತ ಪರೀಕ್ಷೆಯ ವರದಿಯ ಜೊತೆಗೆ ಅದರ ಕರಡನ್ನೂ ತೆಗೆದುಕೊಂಡು ಹೋಗಿ, ಪ್ರತಿನಿಧಿಯಾಗಲು ಒಪ್ಪಿದವರನ್ನೂ ಕರೆದುಕೊಂಡು ಹೋಗಿ.